ಸೈಪ್ರಸ್‌ನ ಗ್ರೀಕರು ಮತ್ತು ತುರ್ಕರ ನಡುವಿನ ಕಹಿ ಇನ್ನೂ ಏಕೆ ಆರಿಲ್ಲ?

ಇಬ್ಬರೂ ತಮಗಾದ ಅನ್ಯಾಯವನ್ನು ಬೇರೆ ಬೇರೆ ವರ್ಷದಿಂದ ಎಣಿಸುತ್ತಾರೆ, ಇಬ್ಬರ ದೂರಿನಲ್ಲೂ ಸತ್ಯವಿದೆ.

ತುರ್ಕಿ ಸೈಪ್ರಿಯಟರಿಗೆ ಆ ವರ್ಷ 1963. ಈ ದ್ವೀಪಕ್ಕೆ ಬ್ರಿಟನ್ನಿನಿಂದ ಸ್ವಾತಂತ್ರ್ಯ ಬಂದು ಮೂರೇ ವರ್ಷಕ್ಕೆ, ಡಿಸೆಂಬರಿನಲ್ಲಿ ಎರಡು ಸಮುದಾಯಗಳ ನಡುವೆ ಭುಗಿಲೆದ್ದ ಹಿಂಸೆಯಿಂದ ಸುಮಾರು 25,000 ಮಂದಿ ಮನೆ ಬಿಟ್ಟು, ಇಕ್ಕಟ್ಟಿನ ಕೇರಿಗಳಲ್ಲಿ ವರ್ಷಗಟ್ಟಲೆ ದಿನ ದೂಡಿದರು. ಗ್ರೀಕ್ ಸೈಪ್ರಿಯಟರಿಗೆ ಅದು 1974. ಜುಲೈ 15ರಂದು ಗ್ರೀಸಿನ ಸೇನಾಡಳಿತ, ದ್ವೀಪವನ್ನು ಗ್ರೀಸಿಗೆ ಸೇರಿಸಿಕೊಳ್ಳುವ ಉದ್ದೇಶದಿಂದ, ಅಲ್ಲಿ ಕ್ಷಿಪ್ರಕ್ರಾಂತಿ ಮಾಡಿಸಿತು. ಐದೇ ದಿನಕ್ಕೆ ತುರ್ಕಿಯ ಸೇನೆ ಬಂದಿಳಿಯಿತು. ಆಗಸ್ಟ್ ಮುಗಿಯುವಷ್ಟರಲ್ಲಿ ಉತ್ತರದಲ್ಲಿ ದ್ವೀಪದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಅದರ ಕೈಯಲ್ಲಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೆ ಓಡಿದರು, ನಲವತ್ತು ಸಾವಿರಕ್ಕೂ ಹೆಚ್ಚು ತುರ್ಕರು ಉತ್ತರಕ್ಕೆ ಹೋದರು. ಈ ಎರಡು ಅವಧಿಗಳಲ್ಲಿ ಕಾಣೆಯಾದವರು ಎರಡೂ ಕಡೆ ಸೇರಿ ಸುಮಾರು 2,000.

ನನ್ನ ಪ್ರಕಾರ ನಿಜವಾದ ಕಗ್ಗಂಟು ಆಸ್ತಿ. ಬಿಟ್ಟುಹೋದ ಮನೆಗಳಲ್ಲಿ ಆಚೆಯಿಂದ ಬಂದ ನಿರಾಶ್ರಿತರು ನೆಲೆಸಿದರು. ತುರ್ಕಿಯಿಂದ ಬಂದವರೂ ಉತ್ತರದಲ್ಲಿ ಬೀಡುಬಿಟ್ಟರು. ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಹುಟ್ಟಿ ಬೆಳೆದಿದ್ದಾರೆ. ಹಕ್ಕುಪತ್ರ ಒಬ್ಬರ ಬಳಿ, ಬಾಗಿಲ ಕೀಲಿ ಇನ್ನೊಬ್ಬರ ಬಳಿ. ಮೂಲ ಮಾಲೀಕರಿಗೆ ಮನೆ ಮರಳಿಸಿದರೆ, ಒಮ್ಮೆ ಊರು ಕಳೆದುಕೊಂಡ ಕುಟುಂಬವೇ ಮತ್ತೆ ಬೀದಿಗೆ ಬೀಳಬಹುದು. ಮರಳಿಸದಿದ್ದರೆ ಬಲವಂತದ ಒಕ್ಕಲೆಬ್ಬಿಸುವಿಕೆಗೆ ಮುದ್ರೆ ಒತ್ತಿದಂತೆ.

2004ರಲ್ಲಿ ವಿಶ್ವಸಂಸ್ಥೆಯ ಏಕೀಕರಣ ಯೋಜನೆಗೆ ತುರ್ಕಿ ಸೈಪ್ರಿಯಟರಲ್ಲಿ ಶೇ. 65ರಷ್ಟು ಮಂದಿ ಒಪ್ಪಿಗೆಯ ಮತ ಹಾಕಿದರು. ಗ್ರೀಕ್ ಸೈಪ್ರಿಯಟರಲ್ಲಿ ಶೇ. 76ರಷ್ಟು ಮಂದಿ ಅದನ್ನು ತಿರಸ್ಕರಿಸಿದರು: ಹಳೆಯ ಮನೆಗೆ ಮರಳಲು ಅದರಲ್ಲಿದ್ದ ಮಿತಿಗಳು ಮತ್ತು ತುರ್ಕಿ ಸೇನೆ ಪೂರ್ತಿ ಹೊರಡುವುದಿಲ್ಲವೆಂಬ ಭಯ ಅದಕ್ಕೆ ಮುಖ್ಯ ಕಾರಣಗಳಾಗಿದ್ದವು.