ಆಕೆಯ ತವರು ಯಾವುದು?

ಅಮೆರಿಕದ ಜಾರ್ಜಿಯಾ ರಾಜ್ಯದ ಆಲ್ಫಾರೆಟ್ಟಾದಲ್ಲಿ ಮಗಳ ಮನೆಯಲ್ಲಿರುವ ಓದುಗರೊಬ್ಬರ ಪತ್ರ ಬಂದಿದೆ. ಅದರ ಸಾರ ಇಷ್ಟು: "ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದಾರೆ. ನಮ್ಮ ಕಡೆಯದು ಏಳು ತಲೆಮಾರು ಸಿಕ್ಕಿತು. ಅಳಿಯ ಅಲ್ಲಿಯವರೇ. ಅವರ ಕಡೆಯದು ಅವರ ಮುತ್ತಜ್ಜನ ತಾಯಿಯ ಹತ್ತಿರ ಬಂದು ನಿಂತುಬಿಟ್ಟಿತು. ಮನೆಯ ಹಳೆಯ ಬೈಬಲ್ಲಿನಲ್ಲಿ ಆಕೆಯ ಹೆಸರು, ಹುಟ್ಟಿದ್ದು 1848, ತೀರಿಕೊಂಡಿದ್ದು 1921 ಎಂದಿದೆ. ಗಂಡ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯದಲ್ಲಿದ್ದನಂತೆ, 1903ರಲ್ಲಿ ಹೋದನಂತೆ. ಆಕೆ ಯಾರ ಮಗಳೋ ಯಾರಿಗೂ ಗೊತ್ತಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಕಡೆ ಒಬ್ಬ ತಂದೆ, ಇನ್ನೊಂದು ಕಡೆ ಇನ್ನೊಬ್ಬ. ಎಲ್ಲಿಂದ ಶುರು ಮಾಡಲಿ?"

ಮಾನ್ಯರೆ,

ಆಕೆಯ ಹೆಸರನ್ನು ಇಲ್ಲಿ ಅಚ್ಚು ಮಾಡುತ್ತಿಲ್ಲ, ಅದು ನಿಮ್ಮ ಬೀಗರ ಮನೆಯ ವಿಷಯ. ನೀವು ಸಿಕ್ಕಿಬಿದ್ದಿರುವ ಜಾಗ ಮಾತ್ರ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವಂಶ ಹುಡುಕುವವರೆಲ್ಲ ಬಂದು ನಿಲ್ಲುವ ಜಾಗವೇ. ಆ ಕಾಲದ ಕಾನೂನಿನಲ್ಲಿ ಮದುವೆಯಾದ ಹೆಂಗಸಿನ ಸ್ವತ್ತು ಗಂಡನ ಕೈಗೆ ಹೋಗುತ್ತಿತ್ತು. ಜಾರ್ಜಿಯಾದಲ್ಲಿ ಹೆಂಡತಿಯ ಆಸ್ತಿ ಹೆಂಡತಿಗೇ ಎಂದು ಸಂವಿಧಾನದಲ್ಲಿ ಬಂದದ್ದು 1868ರಲ್ಲಿ. ಆಸ್ತಿ ಇಲ್ಲದವಳ ಹೆಸರಿನಲ್ಲಿ ಕಾಗದ ಹುಟ್ಟುವುದಿಲ್ಲ. ಹಾಗಾಗಿ ಆಕೆಯನ್ನು ಆಕೆಯ ಹೆಸರಿನಲ್ಲೇ ಹುಡುಕುತ್ತಾ ಕೂತರೆ ವರ್ಷಗಟ್ಟಲೆ ಕೂರಬೇಕಾಗುತ್ತದೆ. ತಂದೆ ಸತ್ತಾಗ, ಗಂಡ ಸತ್ತಾಗ, ಆಕೆಯೇ ಸತ್ತಾಗ ಮನೆಯಲ್ಲಿ ಕಾಗದಪತ್ರ ಆಗಿರುತ್ತದೆ. ಹುಡುಕಬೇಕಾದದ್ದು ಅಲ್ಲಿ.

ನಿಮ್ಮ ಅದೃಷ್ಟಕ್ಕೆ ಆಕೆ ತೀರಿಕೊಂಡದ್ದು 1921ರಲ್ಲಿ. ಜಾರ್ಜಿಯಾ ರಾಜ್ಯವಿಡೀ ಮರಣ ನೋಂದಣಿ ಶುರುವಾದದ್ದು 1919ರಲ್ಲಿ. ಇನ್ನು ಮೂರು ವರ್ಷ ಮೊದಲು ಹೋಗಿದ್ದರೆ ಈ ಬಾಗಿಲೇ ಇರುತ್ತಿರಲಿಲ್ಲ. (ಪಕ್ಕದ ದಕ್ಷಿಣ ಕೆರೊಲಿನಾದಲ್ಲಿ 1915, ಉತ್ತರ ಕೆರೊಲಿನಾದಲ್ಲಿ 1913.) ಆ ಕಾಲದ ಮರಣ ಪತ್ರಗಳನ್ನು ರಾಜ್ಯದ ದಾಖಲೆ ಭಂಡಾರವಾದ ಜಾರ್ಜಿಯಾ ಆರ್ಕೈವ್ಸ್ ತನ್ನ 'ವರ್ಚುವಲ್ ವಾಲ್ಟ್' ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಗಂಡನ ಅಡ್ಡಹೆಸರಿನಲ್ಲಿ, ಅಂದರೆ ಸರ್‌ನೇಮಿನಲ್ಲಿ, ಹುಡುಕಿ. ಸಿಗದಿದ್ದರೆ 'ಮಿಸೆಸ್' ಎಂದು ಬರೆದು ಗಂಡನ ಇನಿಷಿಯಲ್‌ಗಳನ್ನೇ ಹಾಕಿರುತ್ತಾರೆ, ಹಾಗೂ ನೋಡಿ.

ಆ ಪತ್ರದಲ್ಲಿ ತಂದೆಯ ಹೆಸರಿಗೊಂದು ಕಲಂ, ತಾಯಿಯ ತವರಿನ ಹೆಸರಿಗೊಂದು ಕಲಂ ಇರುತ್ತದೆ. ಕಂಡ ತಕ್ಷಣ ಬರೆದುಕೊಂಡು ಓಡಬೇಡಿ. ಮೊದಲು ಮಾಹಿತಿ ಕೊಟ್ಟವರ ಹೆಸರು ನೋಡಿ. ಕೊಟ್ಟವನು ಮಗನೋ ಅಳಿಯನೋ ಆಗಿರುತ್ತಾನೆ, ಸತ್ತವಳ ತಾಯಿಯನ್ನು ಅವನು ಕಂಡೇ ಇರಲಿಕ್ಕಿಲ್ಲ. ಇಲ್ಲಿ ಪದೇಪದೇ ಆಗುವ ತಪ್ಪೊಂದಿದೆ. "ತಾಯಿಯ ತವರಿನ ಹೆಸರೇನು?" ಎಂದು ಕೇಳಿದಾಗ ದುಃಖದಲ್ಲಿರುವ ಮಗ ತನ್ನ ತಾಯಿಯ, ಅಂದರೆ ಸತ್ತವಳದೇ, ತವರಿನ ಹೆಸರು ಹೇಳಿಬಿಡುತ್ತಾನೆ. ತಂದೆಯ ಅಡ್ಡಹೆಸರೂ ತಾಯಿಯ ತವರಿನ ಅಡ್ಡಹೆಸರೂ ಒಂದೇ ಆಗಿದ್ದರೆ, ಅಥವಾ ತಂದೆಯ ಕಲಂನಲ್ಲಿ ಗಂಡನ ಮನೆಯ ಅಡ್ಡಹೆಸರೇ ಇದ್ದರೆ, ಹೀಗೇ ಆಗಿದೆ ಎಂದುಕೊಳ್ಳಿ. ಅಲ್ಲಿ ಸಿಕ್ಕ ಹೆಸರು ಒಂದು ಸುಳಿವು, ಅಷ್ಟೇ.

ಅಲ್ಲಿಂದ ಜನಗಣತಿಗೆ ಬನ್ನಿ, ಹಿಂದಕ್ಕೆ ಹಿಂದಕ್ಕೆ ನಡೆಯಿರಿ. 1910 ಮತ್ತು 1900ರ ಗಣತಿಯಲ್ಲಿ ಹೆಂಗಸಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಎಂಬ ಕಲಂಗಳಿವೆ. 1900ರದ್ದರಲ್ಲಿ ಹುಟ್ಟಿದ ತಿಂಗಳೂ ವರ್ಷವೂ ಇದೆ, ಮದುವೆಯಾಗಿ ಎಷ್ಟು ವರ್ಷವಾಯಿತು ಎಂಬುದೂ ಇದೆ. 34 ವರ್ಷ ಎಂದಿದ್ದರೆ ಮದುವೆ 1866ರ ಸುಮಾರು, ಹುಡುಕಬೇಕಾದ ಪುಸ್ತಕ ಯಾವುದೆಂದು ಅಲ್ಲೇ ಗೊತ್ತಾಯಿತು. 1890ರದ್ದು ಹುಡುಕುವ ಶ್ರಮ ಬೇಡ. 1921ರ ಜನವರಿ 10ರಂದು ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಯಿಂದ ಅದು ಹಾಳಾಯಿತು, ದೇಶಕ್ಕೆಲ್ಲ ಸೇರಿ ಆರು ಸಾವಿರ ಚಿಲ್ಲರೆ ಹೆಸರುಗಳಷ್ಟೇ ಉಳಿದಿವೆ. 1880ರದ್ದರಲ್ಲಿ ಮನೆಯ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕು ಎಂದು ಮೊದಲ ಬಾರಿಗೆ ಬರೆದರು. ಆ ಮನೆಯಲ್ಲಿ 'ಅತ್ತೆ' (ಹೆಂಡತಿಯ ತಾಯಿ) ಎಂದೋ 'ಭಾವಮೈದುನ' ಎಂದೋ ಯಾರಾದರೂ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ, ಅವರ ಅಡ್ಡಹೆಸರೇ ಆಕೆಯ ತವರಿನ ಹೆಸರಾಗಿರಬಹುದು. ಆ ಅತ್ತೆ ಮರುಮದುವೆಯಾದವಳಲ್ಲ ಎಂಬುದನ್ನು ಮಾತ್ರ ಖಚಿತ ಮಾಡಿಕೊಳ್ಳಿ.

1870, 1860, 1850ರ ಗಣತಿಗಳಲ್ಲಿ ಹೆಸರುಗಳಿವೆ, ಸಂಬಂಧ ಇಲ್ಲ. 1850ಕ್ಕೆ ಮೊದಲು ಯಜಮಾನನ ಹೆಸರು ಬಿಟ್ಟರೆ ಉಳಿದವರೆಲ್ಲ ವಯಸ್ಸಿನ ಕಲಂಗಳಲ್ಲಿ ಬರೀ ಅಂಕಿಗಳು. ನಿಮ್ಮ ಆಕೆ 1850ರಲ್ಲಿ ಎರಡು ವರ್ಷದ ಕೂಸು, 1860ರಲ್ಲಿ ಹನ್ನೆರಡರ ಹುಡುಗಿ. ಮರಣ ಪತ್ರದಲ್ಲಿ ಸಿಕ್ಕ ತಂದೆಯ ಮನೆಯನ್ನು 1860ರಲ್ಲಿ ಹುಡುಕಿ. ವಯಸ್ಸು ಒಂದೆರಡು ವರ್ಷ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ತಾಯಿ ಮರುಮದುವೆಯಾಗಿದ್ದರೆ ಮಕ್ಕಳನ್ನೆಲ್ಲ ಮಲತಂದೆಯ ಅಡ್ಡಹೆಸರಿನಲ್ಲೇ ಬರೆದಿರುವುದುಂಟು, ಇದು ಬಹಳ ಜನರನ್ನು ದಾರಿ ತಪ್ಪಿಸಿದೆ. ಇನ್ನೊಂದು ಮಾತು: ಗಂಡನ ಮನೆ 1870ರಲ್ಲಿ ಯಾವ ಪುಟದಲ್ಲಿದೆಯೋ ಅದರ ಹಿಂದಿನ ಐದು ಪುಟ, ಮುಂದಿನ ಐದು ಪುಟಗಳನ್ನು ಓದಿ. ಆಗಿನ ಹಳ್ಳಿಗಾಡಿನಲ್ಲಿ ಮದುವೆಗಳು ಹೊಲ ಹೊಲಗಳ ನಡುವೆ ನಡೆಯುತ್ತಿದ್ದವು, ತವರು ಎಷ್ಟೋ ಸಲ ಕೂಗಳತೆಯಲ್ಲೇ ಇರುತ್ತದೆ.

ಹೆಸರು ಸೂಚಿಯಲ್ಲಿ ಸಿಗದಿದ್ದರೆ ಎರಡು ಕಾರಣ ನೆನಪಿಡಿ. ಮೊದಲನೆಯದು ಮುದ್ದಿನ ಹೆಸರುಗಳು. ಮಾರ್ತಾ ಎಂದರೆ ಪ್ಯಾಟ್ಸಿ ಅಥವಾ ಮ್ಯಾಟಿ, ಮೇರಿ ಎಂದರೆ ಪಾಲಿ, ಸಾರಾ ಎಂದರೆ ಸ್ಯಾಲಿ, ಮಾರ್ಗರೆಟ್ ಎಂದರೆ ಪೆಗ್ಗಿ. ಇವರು ಬೇರೆ ಬೇರೆ ಹೆಂಗಸರಲ್ಲ. ಎರಡನೆಯದು ಕೈಬರಹ. ಆ ಕಾಲದಲ್ಲಿ ಎರಡು 'ಎಸ್' ಒಟ್ಟಿಗೆ ಬಂದರೆ ಮೊದಲನೆಯದನ್ನು ಮೇಲಕ್ಕೂ ಕೆಳಕ್ಕೂ ಎಳೆದು ಬರೆಯುತ್ತಿದ್ದರು. ನೋಡಲು ಅದು 'ಎಫ್' ಇದ್ದಂತೆ, ಎರಡೂ ಕೂಡಿದರೆ 'ಪಿ' ಇದ್ದಂತೆ. ಜೆಸ್ಸಿ ಎಂಬ ಹೆಸರನ್ನು ಸೂಚಿ ಮಾಡಿದವರು ಜೆಫ್ಸಿ ಎಂದೋ ಜೆಪಿ ಎಂದೋ ಓದಿಬಿಟ್ಟಿರುತ್ತಾರೆ. ಸೂಚಿಯನ್ನು ನಂಬದೆ ಮೂಲ ಪುಟದ ಚಿತ್ರ ತೆಗೆದು ಕಣ್ಣಾರೆ ನೋಡಿ.

ಇನ್ನು ಮದುವೆಯ ಪುಸ್ತಕ. ಜಾರ್ಜಿಯಾದಲ್ಲಿ ಮದುವೆ ಲೈಸೆನ್ಸು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೋರ್ಟಿನಲ್ಲಿ ದಾಖಲಾಗುತ್ತಿತ್ತು, ಇಂದು ಅದು ಪ್ರೊಬೇಟ್ ಕೋರ್ಟ್, ಅಂದರೆ ಉಯಿಲು, ಆಸ್ತಿ ಹಂಚಿಕೆಗಳನ್ನು ನೋಡುವ ಕೋರ್ಟು. ಗಂಡು, ಹೆಣ್ಣು, ತಾರೀಖು, ಮದುವೆ ಮಾಡಿಸಿದವರ ಹೆಸರು ಇರುತ್ತದೆ, ತಂದೆತಾಯಿಯರದು ಸಾಮಾನ್ಯವಾಗಿ ಇರುವುದಿಲ್ಲ. 1865ರಲ್ಲಿ ಅಂತರ್ಯುದ್ಧ ಮುಗಿದ ಹೊಸತಿನ ಮದುವೆಯಾದರೆ ಹೆಣ್ಣು ಮೊದಲೇ ವಿಧವೆಯಾಗಿದ್ದಿರಬಹುದು. ಆಗ ಪುಸ್ತಕದಲ್ಲಿರುವುದು ಮೊದಲ ಗಂಡನ ಅಡ್ಡಹೆಸರು, ಅದನ್ನು ತವರೆಂದುಕೊಂಡರೆ ಇಡೀ ಬೇರೊಂದು ಮನೆಗೆ ಹೋಗಿ ಸೇರುತ್ತೀರಿ. ಮದುವೆ 1866ರಲ್ಲಾಗಿದ್ದರೆ ಆಕೆಗೆ ಆಗ ಹದಿನೆಂಟು ವರ್ಷವಷ್ಟೇ, ಆದರೂ ಈ ಸಾಧ್ಯತೆಯನ್ನು ತಳ್ಳಿಹಾಕಬೇಡಿ.

ಯಾವ ಕೌಂಟಿ ಎಂಬುದು ಬಲು ಮುಖ್ಯ. ನೀವು ಇರುವ ಆಲ್ಫಾರೆಟ್ಟಾ ಇಂದು ಫುಲ್ಟನ್ ಕೌಂಟಿಯಲ್ಲಿದೆ. ಆದರೆ ಹಿಂದೆ ಅದು 1857ರಲ್ಲಿ ಹುಟ್ಟಿದ ಮಿಲ್ಟನ್ ಎಂಬ ಬೇರೊಂದು ಕೌಂಟಿಯ ಮುಖ್ಯ ಊರಾಗಿತ್ತು, ಆ ಕೌಂಟಿ ಫುಲ್ಟನ್‌ನಲ್ಲಿ ವಿಲೀನವಾದದ್ದು 1932ರಲ್ಲಿ. 1857ಕ್ಕೆ ಹಿಂದೆ ಅದೇ ನೆಲ ಚೆರೊಕೀ, ಕಾಬ್, ಫೋರ್ಸೈತ್ ಕೌಂಟಿಗಳಲ್ಲಿ ಹಂಚಿಹೋಗಿತ್ತು. ಒಂದೇ ಮನೆಯಲ್ಲಿ ಕದಲದೆ ಬದುಕಿದ ಕುಟುಂಬದ ಕಾಗದ ಮೂರು ಊರಿನ ಕೋರ್ಟಿನಲ್ಲಿರಬಹುದು. ಕುಟುಂಬ ಇದ್ದ ಊರು ಯಾವುದೆಂದು ನೀವು ಬರೆದಿಲ್ಲ. ಯಾವುದೇ ಇರಲಿ, ಮೊದಲು ಆ ಕೌಂಟಿ ಹುಟ್ಟಿದ ವರ್ಷ, ಅದು ಯಾವುದರಿಂದ ಒಡೆದು ಬಂತು ಎಂಬುದನ್ನು ಬರೆದಿಟ್ಟುಕೊಳ್ಳಿ. ಕೋರ್ಟ್ ಸುಟ್ಟ ವರ್ಷವನ್ನೂ ಅದರ ಪಕ್ಕ ಬರೆಯಿರಿ: ಡಿಕಾಲ್ಬ್ 1842, ಕಾಬ್ 1864, ಗ್ವಿನೆಟ್ 1871. ಕಾಬ್ ಕೌಂಟಿಯ ಕೋರ್ಟು ಸುಟ್ಟದ್ದು ಅಂತರ್ಯುದ್ಧದಲ್ಲಿ ಉತ್ತರದ ಜನರಲ್ ಶೆರ್ಮನ್ನನ ಸೈನ್ಯ ಬಂದಾಗ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದದ್ದು ತಂದೆಯ ಆಸ್ತಿ ಹಂಚಿಕೆಯ ಕಾಗದಗಳ ಮುಂದೆ. ಹೆಚ್ಚಿನವರು ಉಯಿಲು ಇದೆಯೇ ಎಂದು ನೋಡಿ, ಇಲ್ಲವೆಂದರೆ ಎದ್ದು ಬಂದುಬಿಡುತ್ತಾರೆ. ಉಯಿಲಿಲ್ಲದೆ ಸತ್ತವನ ಕಾಗದವೇ ಹೆಚ್ಚು ಉಪಯೋಗದ್ದು, ಏಕೆಂದರೆ ಆಗ ಪಾಲು ಯಾರು ಯಾರಿಗೆ ಎಂಬುದನ್ನು ಕೋರ್ಟಿಗೆ ತೋರಿಸಬೇಕು. ದಪ್ಪ ಪುಸ್ತಕಗಳಲ್ಲಿ ನಕಲು ಮಾಡಿರುವುದು ಒಂದು ಭಾಗ ಮಾತ್ರ. ಬಿಡಿ ಕಾಗದಗಳು ಬೇರೆ ಇರುತ್ತವೆ. ಉದ್ದಕ್ಕೆ ಮಡಿಸಿ, ಹೊರಮೈ ಮೇಲೆ ಸತ್ತವನ ಹೆಸರು ಬರೆದು, ಕಟ್ಟು ಕಟ್ಟಿ ಇಟ್ಟಂಥವು. ಆ ಕಟ್ಟಿನಲ್ಲಿ ರಸೀತಿಗಳಿರುತ್ತವೆ. "ನನ್ನ ಹೆಂಡತಿಯ ಹಕ್ಕಿನಲ್ಲಿ ನನಗೆ ಬರಬೇಕಾದ ಪಾಲು ತಲುಪಿತು" ಎಂದು ಅಳಿಯ ರುಜು ಹಾಕಿರುತ್ತಾನೆ. ಆ ಒಂದು ಚೀಟಿ ತಂದೆ, ಮಗಳು, ಅಳಿಯ ಮೂವರನ್ನೂ ಒಂದೇ ದಾರಕ್ಕೆ ಪೋಣಿಸುತ್ತದೆ.

ತಂದೆ ಆಕೆಯ ಮದುವೆಗೆ ಮೊದಲೇ ಸತ್ತಿದ್ದರೆ, ಅದರಲ್ಲೂ ಯುದ್ಧದ ವರ್ಷಗಳಲ್ಲಿ ಸತ್ತಿದ್ದರೆ, ಮಕ್ಕಳಿಗೆ ಕೋರ್ಟು ನೇಮಿಸಿದ ಪೋಷಕನೊಬ್ಬ ಇರುತ್ತಾನೆ. ತಾಯಿ ಬದುಕಿದ್ದರೂ ದಾಖಲೆ ಆ ಮಕ್ಕಳನ್ನು ಅನಾಥರೆಂದೇ ಕರೆಯುತ್ತದೆ, ಹಾಗಾಗಿ ಅನಾಥ ಎಂದು ಕಂಡು ತಾಯಿಯನ್ನು ಸಾಯಿಸಿಬಿಡಬೇಡಿ. ಪೋಷಕ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕಿತ್ತು. ಹುಡುಗಿಗೆ ಒಂದು ಜೊತೆ ಬೂಟು, ಇಷ್ಟು ಗಜ ಚೀಟಿಬಟ್ಟೆ, ಶಾಲೆಯ ಫೀಜು, ಹೀಗೆ ಹೆಸರು ಹಿಡಿದು ಬರೆದ ಲೆಕ್ಕಗಳವು. ಒಂದು ವರ್ಷ ಆ ಹುಡುಗಿಯ ಬೂಟಿನ ಲೆಕ್ಕ ನಿಂತುಹೋಗುತ್ತದೆ. ಮುಂದಿನ ರಸೀತಿಯಲ್ಲಿ ಹಣ ತೆಗೆದುಕೊಂಡವನು ಗಂಡ. ಮದುವೆಯ ಪುಸ್ತಕ ಸುಟ್ಟ ಕೌಂಟಿಯಲ್ಲೂ ಮದುವೆಯ ವರ್ಷ ಹೀಗೆ ಸಿಕ್ಕಿಬಿಡುತ್ತದೆ.

ಗಂಡ 1903ರಲ್ಲಿ ಹೋದದ್ದರಿಂದ ಆಕೆ ಹದಿನೆಂಟು ವರ್ಷ ವಿಧವೆಯಾಗಿದ್ದಳು. ಆತ ಸೈನಿಕನಾಗಿದ್ದು ನಿಜವಾದರೆ ಪಿಂಚಣಿಯ ಅರ್ಜಿಯನ್ನು ತಪ್ಪದೆ ನೋಡಿ. ದಕ್ಷಿಣದ ಸೈನಿಕರಿಗೂ ಅವರ ವಿಧವೆಯರಿಗೂ ಪಿಂಚಣಿ ಕೊಟ್ಟದ್ದು ಆಯಾ ರಾಜ್ಯಗಳು, ವಾಷಿಂಗ್ಟನ್ನಿನಲ್ಲಿ ಹುಡುಕಿ ಫಲವಿಲ್ಲ. ಗಂಡ ಬೇರೆ ರಾಜ್ಯದ ದಳದಲ್ಲಿ ಹೋರಾಡಿದ್ದರೂ ವಿಧವೆ ತಾನಿದ್ದ ರಾಜ್ಯಕ್ಕೇ ಅರ್ಜಿ ಹಾಕುತ್ತಿದ್ದಳು. ಜಾರ್ಜಿಯಾದ ಅರ್ಜಿಗಳನ್ನು ಕೌಂಟಿವಾರು ಜೋಡಿಸಿದ್ದಾರೆ. ಮದುವೆ ಎಂದು, ಎಲ್ಲಿ ಆಯಿತು, ಗಂಡ ಯಾವ ದಳದಲ್ಲಿದ್ದ, ಎಲ್ಲಿ ಸತ್ತ, ಈಗ ನಿನಗೇನು ಆಸ್ತಿ ಇದೆ ಎಂಬ ಪ್ರಶ್ನೆಗಳಿಗೆ ಆಕೆಯೇ ಪ್ರಮಾಣ ಮಾಡಿ ಉತ್ತರ ಕೊಟ್ಟಿರುತ್ತಾಳೆ. ಅಷ್ಟೂ ದಾಖಲೆಗಳಲ್ಲಿ ಆಕೆ ತಾನಾಗಿ ಮಾತಾಡುವುದು ಬಹುಶಃ ಇದೊಂದರಲ್ಲೇ. ಸಾಕ್ಷಿ ಹೇಳಿದವರ ಹೆಸರನ್ನೂ ಬರೆದುಕೊಳ್ಳಿ, ಅವರಲ್ಲಿ ಅಣ್ಣನೋ ತಮ್ಮನೋ ಇರಬಹುದು.

ಚರ್ಚಿನ ಪುಸ್ತಕಗಳಲ್ಲೂ ಹೆಂಗಸರು ಸ್ವಂತ ಹೆಸರಿನಲ್ಲಿ ಸಿಗುತ್ತಾರೆ. ಬ್ಯಾಪ್ಟಿಸ್ಟ್ (ಪ್ರಾಟೆಸ್ಟಂಟರ ಒಂದು ಪಂಗಡ) ಚರ್ಚಿನ ಸಭೆಯ ನಡಾವಳಿಯಲ್ಲಿ ಊರು ಬಿಟ್ಟು ಹೋಗುವವರಿಗೆ ಪತ್ರ ಕೊಟ್ಟು ಕಳಿಸಿದ್ದನ್ನೂ, ಬಂದವರನ್ನು ಪತ್ರ ನೋಡಿ ಸೇರಿಸಿಕೊಂಡದ್ದನ್ನೂ ಬರೆಯುತ್ತಿದ್ದರು. ಆ ಕುಟುಂಬ ಬ್ಯಾಪ್ಟಿಸ್ಟರಾಗಿದ್ದರೆ ಮೇಕನ್ ಊರಿನ ಮರ್ಸರ್ ವಿಶ್ವವಿದ್ಯಾಲಯದಲ್ಲಿ ಇಂಥ ಪುಸ್ತಕಗಳ ದೊಡ್ಡ ಸಂಗ್ರಹವಿದೆ. ಸಮಾಧಿಗೆ ಹೋದರೆ ಕಲ್ಲನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಅಮೃತಶಿಲೆ ಅಕ್ಷರದ ಸಮೇತ ಉದುರುತ್ತದೆ. ಕನ್ನಡಿ ಹಿಡಿದು ಬಿಸಿಲನ್ನು ಅಡ್ಡಡ್ಡ ಬೀಳಿಸಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. 'ಕಾನ್ಸಾರ್ಟ್' ಎಂದು ಕೆತ್ತಿದ್ದರೆ ಆಕೆ ಸತ್ತಾಗ ಗಂಡ ಬದುಕಿದ್ದ, 'ರೆಲಿಕ್ಟ್' ಎಂದಿದ್ದರೆ ಆಕೆ ವಿಧವೆ.

ಇಂಟರ್ನೆಟ್ಟಿನ ಇಬ್ಬರು ತಂದೆಯರ ವಿಷಯ. ಇಪ್ಪತ್ತು ಜನ ಹಾಕಿದ ವಂಶವೃಕ್ಷದಲ್ಲಿ ಒಂದೇ ಹೆಸರಿದ್ದರೂ ಅದು ಒಬ್ಬನದ್ದನ್ನು ಹತ್ತೊಂಬತ್ತು ಜನ ನಕಲು ಮಾಡಿದ್ದಿರಬಹುದು. ಆ ಇಬ್ಬರ ಮನೆಯ ಹುಡುಗಿಯರನ್ನೂ 1860ರಿಂದ ಮುಂದಕ್ಕೆ ಹಿಂಬಾಲಿಸಿ. ಒಬ್ಬಳು 1880ರಲ್ಲಿ ಬೇರೊಬ್ಬನ ಮನೆಯಲ್ಲಿ ಹೆಂಡತಿಯಾಗಿ ಕಂಡರೆ, ಅಥವಾ ಮದುವೆಯಾಗದೆ ತಂದೆಯ ಮನೆಯಲ್ಲೇ ಉಳಿದಿದ್ದರೆ, ಅವಳು ನಿಮ್ಮವಳಲ್ಲ. ಉಳಿದವಳ ಪರವಾಗಿ ಕನಿಷ್ಠ ಎರಡು ಬೇರೆ ಬೇರೆ ಕೈಗಳಿಂದ ಬಂದ ಕಾಗದ ಬೇಕು. ಮರಣ ಪತ್ರವನ್ನೂ ಅದನ್ನೇ ನೋಡಿ ಕೆತ್ತಿಸಿದ ಸಮಾಧಿ ಕಲ್ಲನ್ನೂ ಎರಡೆಂದು ಎಣಿಸುವಂತಿಲ್ಲ.

ಕೊನೆಯದಾಗಿ, ನೀವು ಕೇಳದೆ ಇದ್ದರೂ ಹೇಳಲೇಬೇಕಾದದ್ದು. ತಂದೆಯ ಮನೆ 1860ರಲ್ಲಿ ಸಿಕ್ಕಾಗ ಚರಾಸ್ತಿಯ ಬೆಲೆಯ ಕಲಂ ನೋಡಿ. ಜಮೀನಿಗಿಂತ ಅದು ಬಹಳ ಹೆಚ್ಚಿದ್ದು, 1870ರಲ್ಲಿ ಕುಸಿದಿದ್ದರೆ ಆ ಮನೆಯಲ್ಲಿ ಗುಲಾಮರಿದ್ದ ಸಾಧ್ಯತೆ ಹೆಚ್ಚು. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಮಾಲೀಕನ ಹೆಸರಿದೆ, ದುಡಿದವರದ್ದು ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಅಷ್ಟೇ. ಅವರೆಲ್ಲರ ಹೆಸರು ರಾಷ್ಟ್ರೀಯ ಗಣತಿಯಲ್ಲಿ ಬರುವುದು 1870ರಲ್ಲಿ. ಅದಕ್ಕೆ ಹಿಂದೆ ಅವರ ಹೆಸರು ಉಳಿದಿರುವುದು ನೀವು ತೆರೆಯಲಿರುವ ಆಸ್ತಿಪಟ್ಟಿಗಳಂಥ ಕಾಗದಗಳಲ್ಲಿ. ಹೇಸರಗತ್ತೆ, ನೇಗಿಲು, ಹಾಸಿಗೆಗಳ ಜೊತೆ ಒಬ್ಬ ಹೆಂಗಸಿನ ಹೆಸರು, ಅವಳ ಮಗುವಿನ ಹೆಸರು, ಎದುರಿಗೆ ಡಾಲರಿನಲ್ಲಿ ಬೆಲೆ. ಓದಲು ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪುಟ ಮಗುಚಿ ಮುಂದೆ ಹೋಗಬೇಡಿ. ನಿಮ್ಮ ಅಳಿಯನ ಮುತ್ತಜ್ಜನ ತಾಯಿಗಾದರೂ ಬೈಬಲ್ಲಿನಲ್ಲಿ ಒಂದು ಸಾಲು ಇತ್ತು. ಆಸ್ತಿಪಟ್ಟಿಯ ಆ ಹೆಂಗಸಿನ ಮರಿಮಕ್ಕಳು ಇಂದು ಅಟ್ಲಾಂಟಾದಲ್ಲೇ ಕೂತು ಅವಳಿಗಾಗಿ ಹುಡುಕುತ್ತಿರಬಹುದು, ಅವರಿಗೆ ಆ ಪುಟ ಇರುವುದು ಯಾರ ಹೆಸರಿನ ಕಟ್ಟಿನಲ್ಲಿ ಎಂದು ಗೊತ್ತಿರುವುದಿಲ್ಲ. ಕಂಡ ಹೆಸರುಗಳನ್ನೆಲ್ಲ ಬರೆದುಕೊಳ್ಳಿ, ತಾಯಿ ಮಗು ಎಂದು ಜೊತೆಯಾಗಿ ಬರೆದಿದ್ದರೆ ಜೊತೆಯಾಗಿಯೇ ಬರೆಯಿರಿ, ಮಾಲೀಕನ ಹೆಸರು, ಕೌಂಟಿ, ಪುಸ್ತಕ, ಪುಟ, ತಾರೀಖು ಸೇರಿಸಿ, ಒಂದು ಪ್ರತಿಯನ್ನು ಆ ಕೌಂಟಿಯ ಸಾರ್ವಜನಿಕ ಗ್ರಂಥಾಲಯದ ವಂಶಾವಳಿ ವಿಭಾಗಕ್ಕೆ ಕೊಟ್ಟು ಬನ್ನಿ.

- ಸಂಪಾದಕ