ಬೋನಸ್ ಇನ್ನೇನು ಬರುತ್ತದೆ ಅನ್ನುವ ಲೆಕ್ಕ

ಡ್ರ್ಯಾಗನ್, ಚಿನ್ನದ ನಾಣ್ಯದ ಸ್ಲಾಟ್ ಆಟದಲ್ಲಿ 200 ಸ್ಪಿನ್ ಆದರೂ ಬೋನಸ್ಸಾಗಿ ಸಿಗುವ ಫ್ರೀ ಸ್ಪಿನ್ (ದುಡ್ಡು ಕಟ್ಟದೆ ಆಡುವ ಸುತ್ತು) ಬಂದಿಲ್ಲ, ಪರದೆಯ ಮೇಲಿನ ಮಡಕೆ ತುಂಬಿದೆ, ಇನ್ನೇನು ಬರುತ್ತದೆ ಅಲ್ವಾ ಎಂದು ಕಾರವಾರದಿಂದ ಕೇಳಿದ್ದೀರಿ.

ಹಾಗೇನೂ ಇಲ್ಲ. ಪ್ರತಿ ಸ್ಪಿನ್ನೂ ಬೇರೆ. ಗುಂಡಿ ಒತ್ತಿದಾಗ ಬರುವ ರ್ಯಾಂಡಮ್ ಸಂಖ್ಯೆಯೇ ಫಲ ಹೇಳುತ್ತದೆ. ಹಿಂದಿನ 200 ಅದಕ್ಕೆ ಲೆಕ್ಕಕ್ಕಿಲ್ಲ. ತುಂಬುವ ಮಡಕೆಯೂ ಎಷ್ಟೋ ಆಟಗಳಲ್ಲಿ ಬರೀ ಅಲಂಕಾರ. ನಿಯಮಗಳ ಪುಟ ಓದಿ ನೋಡಿ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಹೊಳೆಯುವುದಿಲ್ಲ. ಆಟದ ಆರ್‌ಟಿಪಿ, ಅಂದರೆ ಆಡಿದ ದುಡ್ಡಿನಲ್ಲಿ ದೀರ್ಘಾವಧಿಯಲ್ಲಿ ಸರಾಸರಿ ವಾಪಸ್ ಬರುವ ಪಾಲು, 96 ಶೇಕಡಾ ಎಂದಿದ್ದರೆ, ಬೋನಸ್ಸಿನಲ್ಲಿ ಬರುವ ದುಡ್ಡೂ ಆ 96ರ ಒಳಗೇ ಇದೆ. ಅದರಲ್ಲಿ 30 ಬೋನಸ್ಸಿನ ಪಾಲು ಅಂದುಕೊಳ್ಳಿ. ಬೋನಸ್ ಬರುವವರೆಗೆ ನಿಮಗೆ ನೂರಕ್ಕೆ ಸರಾಸರಿ 66 ರೂಪಾಯಿ ಮಾತ್ರ ವಾಪಸ್. ಕಾಯುತ್ತಾ ಕೂತಷ್ಟು ಹೊತ್ತು ದುಡ್ಡು ಬೇಗ ಕರಗುವುದು ಇದಕ್ಕೇ.

ಪಕ್ಕದ ಪಣಜಿಯಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ ಪರವಾನಗಿ ಇದೆ, ನಿಜ. ಆದರೆ ಫೋನಿನಲ್ಲಿ ದುಡ್ಡು ಕಟ್ಟಿ ಆಡಿಸುವುದನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದೇಶದಲ್ಲೆಲ್ಲ ನಿಷೇಧಿಸಿದೆ. ಗೆದ್ದ ಹಣ ಕೊಡದಿದ್ದರೆ ಯಾರನ್ನು ಹಿಡಿಯುತ್ತೀರಿ? ದಯವಿಟ್ಟು ಹಣ ಹಾಕಬೇಡಿ. ಚಿತ್ರ, ಸಂಗೀತ ಇಷ್ಟವಾದರೆ ಡೆಮೊ ಸಾಕು.

ಈಗಾಗಲೇ ಹಣ ಹಾಕಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ.