ಮಗ ಲಿವರ್‌ಪೂಲ್ ಜೆರ್ಸಿ ಕೇಳ್ತಿದ್ದಾನೆ

ಪ್ರಶ್ನೆ (ಸೆಪ್ಟೆಂಬರ್ 2025): ನನಗೆ 38 ವರ್ಷ. ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಮಂಡಿಯಲ್ಲಿ ಲೆಕ್ಕ ಬರೀತೀನಿ. ಹಾಸ್ಟೆಲ್ ದಿನಗಳಿಂದ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಭಿಮಾನಿ. ಈ ಸಲ ಸೀಸನ್ ಶುರುವೇ ಕೆಟ್ಟಿದೆ. ಗಣೇಶನ ಹಬ್ಬದ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಲೀಗ್ ಕಪ್ ಟೂರ್ನಿಯ ಗ್ರಿಮ್ಸ್‌ಬಿ ಮ್ಯಾಚ್ ನೋಡಿದೆ. ನಾಲ್ಕನೇ ದರ್ಜೆ ಲೀಗಿನ ತಂಡಕ್ಕೆ ಸೋತರು. ಆಮೇಲೂ ನಿದ್ದೆ ಬರದೆ ಯೂಟ್ಯೂಬಿನಲ್ಲಿ ಕೋಚ್‌ಗೆ ಬೈಯೋರ ವಿಡಿಯೊ ನೋಡ್ತಾ ಕೂತಿದ್ದೆ. ಬೆಳಿಗ್ಗೆ ಒಂಬತ್ತು ವರ್ಷದ ಮಗ ಆ ಸೋಲನ್ನೇ ಹೇಳಿ ನಕ್ಕ. ಎಲ್ಲಿತ್ತೋ ಸಿಟ್ಟು, ‘ಎದ್ದು ಹೋಗು ಇಲ್ಲಿಂದ’ ಅಂತ ಗದರಿದೆ. ತಟ್ಟೆಯಲ್ಲಿದ್ದ ಕಡುಬು ಬಿಟ್ಟು ಎದ್ದು ಹೋದ. ಮೊನ್ನೆ ಭಾನುವಾರ ಮ್ಯಾಂಚೆಸ್ಟರ್ ಸಿಟಿ ಕೈಲಿ 3–0 ಸೋತ ಮೇಲೆ ಹೆಂಡತಿ ಜತೆಗೂ ಮಾತಿಗೆ ಮಾತು ಬೆಳೀತು. ‘ಸೋಲೋರು ಅವರು, ಅನುಭವಿಸೋರು ನಾವಾ? ನೋಡೋದೇ ಬಿಡ್ರಿ’ ಅಂತಾಳೆ. ಈಗ ಮಗ ನಮ್ಮ ಬದ್ಧ ಎದುರಾಳಿ ಲಿವರ್‌ಪೂಲ್ ತಂಡದ ಜೆರ್ಸಿ ಬೇಕು ಅಂತ ಹಟ ಹಿಡಿದಿದ್ದಾನೆ. ನೋಡೋದು ಬಿಡಲೇ? ಜೆರ್ಸಿ ಕೊಡಿಸಲೇ? ಯಾರ ಹತ್ತಿರ ಹೇಳಿಕೊಂಡರೂ ನಗ್ತಾರೆ.
– ಹೆಸರು ಬೇಡ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನಾನು ನಗೋದಿಲ್ಲ. ಇಪ್ಪತ್ತು ವರ್ಷ ಹಚ್ಚಿಕೊಂಡದ್ದು ನೋವು ಕೊಟ್ಟರೆ ಅದು ನೋವೇ. ಅದರಲ್ಲೂ ಗ್ರಿಮ್ಸ್‌ಬಿ ಮ್ಯಾಚು! 89ನೇ ನಿಮಿಷಕ್ಕೆ ನಿಮ್ಮ ಮ್ಯಾಗ್ವೈರ್ ತಲೆಯಿಂದ ಗೋಲು ಹೊಡೆದು 2–2 ಮಾಡಿದಾಗ ಬಚಾವಾದೆವು ಅಂದುಕೊಂಡಿರುತ್ತೀರಿ. ಸಮಬಲ ಮುರಿಯಲು ಒದ್ದ ಪೆನಾಲ್ಟಿಯಲ್ಲಿ ನಿಮ್ಮ ಕುನ್ಹಾ ಒಳಗೆ ಹಾಕಿದ್ದರೆ ಕಥೆ ಅಲ್ಲಿಗೆ ಮುಗೀತಿತ್ತು, ಗ್ರಿಮ್ಸ್‌ಬಿ ಗೋಲ್‌ಕೀಪರ್ ತಡೆದುಬಿಟ್ಟ. ಗೋಲ್‌ಕೀಪರ್‌ಗಳೂ ಬಂದು ಒದೆಯುವವರೆಗೆ ಎಳೆದಾಡಿ, ಕೊನೆಗೆ ನಿಮ್ಮ ಎಂಬ್ಯುಮೋ ಹೊಡೆದದ್ದು ಕ್ರಾಸ್‌ಬಾರಿಗೆ ಬಡಿದು 12–11ರ ಸೋಲು. ಅಷ್ಟೊತ್ತಿಗೆ ನಮ್ಮಲ್ಲಿ ರಾತ್ರಿ ಎರಡೂವರೆ ದಾಟಿತ್ತು. ಕೋಚ್ ಅಮೋರಿಮ್ ಅವರೇ ಪೆನಾಲ್ಟಿ ನೋಡಲಾರದೆ ಡಗೌಟಿನಲ್ಲಿ ಮುದುರಿ ಕೂತಿದ್ದರು. ಸಂಬಳ ತಗೊಳ್ಳೋರಿಗೇ ಆಗದ್ದನ್ನು ನೀವು ಕಣ್ಣು ಬಿಟ್ಟುಕೊಂಡು ನೋಡಿದ್ದೀರಿ.

ಆದರೆ ನಿಮ್ಮ ಪತ್ರದಲ್ಲಿ ನೂರಕ್ಕೆ ನೂರು ಸರಿಯಾದ ಮಾತು ನಿಮ್ಮ ಹೆಂಡತಿಯದು. ಅವರು ಕೇಳ್ತಿರೋದು ಆಟದ ಬಗ್ಗೆ ಅಲ್ಲ. ಹಬ್ಬಕ್ಕೆ ನಸುಕಲ್ಲೇ ಎದ್ದು ಕಡುಬು ಮಾಡಿದ ಮನೆಯಲ್ಲಿ, ಮರುದಿನ ಬೆಳಿಗ್ಗೆ ಮಗು ತಟ್ಟೆ ಬಿಟ್ಟು ಎದ್ದು ಹೋಯಿತಲ್ಲ, ಅದರ ಬಗ್ಗೆ.

‘ಶುರುವೇ ಕೆಟ್ಟಿದೆ’ ಅಂತ ಬರೆದಿದ್ದೀರಿ. ಲೆಕ್ಕ ಬರೆಯೋರು ನೀವು, ಹಿಂದಿನ ಪುಟ ತಿರುವಿ. ಹೋದ ಸೀಸನ್ನಿನಲ್ಲಿ ನಿಮ್ಮ ತಂಡ ಇಂಗ್ಲೆಂಡಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗಿನಲ್ಲಿ 42 ಅಂಕದೊಂದಿಗೆ 15ನೇ ಸ್ಥಾನದಲ್ಲಿ ಮುಗಿಸಿತು. ಯುರೋಪಾ ಲೀಗ್ ಫೈನಲ್ಲಿನಲ್ಲಿ ಟಾಟೆನ್‌ಹ್ಯಾಮ್‌ಗೆ ಸೋತಿತು. ಲೀಗ್ ಗೆದ್ದು 12 ವರ್ಷ ಆಯ್ತು, ಹಳೇ ಕೋಚ್ ಫರ್ಗುಸನ್ ನಿವೃತ್ತರಾದ 2013ರಲ್ಲೇ ಕೊನೆ. ಹಾಗಾಗಿ ಇದು ಹೊಸದಾಗಿ ಕೆಟ್ಟದ್ದೇನಲ್ಲ, ಹಳೇ ಬಾಕಿ ಮುಂದುವರಿದಿದೆ. ನೀವು ಮಾತ್ರ ಪ್ರತಿ ಆಗಸ್ಟ್‌ನಲ್ಲೂ 2008ರಲ್ಲಿ ಮಾಸ್ಕೋದಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ರಾತ್ರಿಯ ತಂಡ ಮೈದಾನಕ್ಕೆ ಇಳಿಯುತ್ತೆ ಅಂತ ಕಾದು ಕೂರ್ತೀರಿ. ಆಗ ನೀವು ಹಾಸ್ಟೆಲ್ಲಿನಲ್ಲಿ ಇದ್ದಿರಬೇಕು, ಇಪ್ಪತ್ತು-ಇಪ್ಪತ್ತೊಂದು ವಯಸ್ಸು. ರೊನಾಲ್ಡೊ, ರೂನಿ, ಟೆವೆಜ್. ಮರೆಯೋದು ಕಷ್ಟವೇ.

ಅಭಿಮಾನಿಗೆ ಅಂತ ಒಂದು ಲೆಕ್ಕ ಇದೆ, ಅದನ್ನೂ ಕೊಡುತ್ತೇನೆ. ಈಗ ನಾಲ್ಕು ಲೀಗ್ ಪಂದ್ಯಕ್ಕೆ ನಾಲ್ಕು ಅಂಕ ಆಗಿದೆ. 1992–93ರಲ್ಲೂ ಹೀಗೇ ಆಗಿತ್ತು. ಮೊದಲೆರಡು ಸೋಲು, ಒಂದು ಡ್ರಾ, ಒಂದು ಗೆಲುವು, ನಾಲ್ಕೇ ಅಂಕ. ನವೆಂಬರಿನಲ್ಲಿ ಫ್ರಾನ್ಸಿನ ಆಟಗಾರ ಕ್ಯಾಂಟೊನಾ ತಂಡಕ್ಕೆ ಬಂದರು, ಆ ವರ್ಷ ಯುನೈಟೆಡ್ಡೇ ಚಾಂಪಿಯನ್. ಈ ಸಲವೂ ಹಾಗಾಗುತ್ತೆ ಅಂತ ಹೇಳುವ ಧೈರ್ಯ ನನಗಿಲ್ಲ. ಸೀಸನ್ನಿನ ಮೊದಲ ನಾಲ್ಕು ಲೋಡ್ ಮೆಕ್ಕೆಜೋಳ ಬಂದಾಗಲೇ ವರ್ಷದ ರೇಟು ಹೇಳುವವನನ್ನು ನಿಮ್ಮ ಮಂಡಿಯಲ್ಲಿ ಯಾರೂ ನಂಬೋದಿಲ್ಲ ಅಲ್ವಾ, ಅಷ್ಟೇ ನಾನು ಹೇಳೋದು. ಇನ್ನೂ 34 ಪಂದ್ಯ ಬಾಕಿ ಇವೆ.

ನೋಡೋದು ಬಿಡಬೇಡಿ. ಬಿಟ್ಟರೂ ಮೊಬೈಲಿನಲ್ಲಿ ಕದ್ದು ಸ್ಕೋರ್ ನೋಡ್ತೀರಿ, ಸಿಟ್ಟು ಹಾಗೇ ಇರುತ್ತೆ, ಜತೆಗೆ ಕಳ್ಳತನ ಬೇರೆ. ಬಿಡಬೇಕಾದದ್ದು ಮ್ಯಾಚ್ ಮುಗಿದ ಮೇಲಿನ ಯೂಟ್ಯೂಬನ್ನು. ಸೋಲು ಎರಡು ಗಂಟೆಯದು, ಅದನ್ನು ಬೆಳಗಿನವರೆಗೆ ಎಳೆದು ತಂದದ್ದು ಆ ವಿಡಿಯೊಗಳು. ಮಾಡೋರಿಗೆ ನಿಮ್ಮ ಸಿಟ್ಟೇ ಬಂಡವಾಳ, ನೀವು ಸಮಾಧಾನ ಆದರೆ ಅವರ ಅಂಗಡಿ ನಡೆಯೋದಿಲ್ಲ. ಕೊನೆ ಸೀಟಿ ಊದಿದ ಮೇಲೆ ಫೋನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗಿ. ಮೂರು ಗಂಟೆ ನಿದ್ದೆ ಮಾಡಿ ಎದ್ದವನು ತಂಡ ಗೆದ್ದಿದ್ದರೂ ಸಿಡುಕ್ತಾನೆ.

ನಿಮ್ಮ ಹೆಂಡತಿಗೆ ಹೇಳಲು ಒಂದು ಒಳ್ಳೆ ಸುದ್ದಿಯೂ ಇದೆ. ಈ ವರ್ಷ ನಿಮ್ಮ ತಂಡ ಯುರೋಪಿನ ಯಾವ ಟೂರ್ನಿಯಲ್ಲೂ ಇಲ್ಲ, ಲೀಗ್ ಕಪ್‌ನಿಂದಲೂ ಹೊರಬಿತ್ತು. ವಾರದ ನಡುವೆ ನಿದ್ದೆಗೆಡುವ ರಾತ್ರಿಗಳು ಕೈಬೆರಳಲ್ಲಿ ಎಣಿಸುವಷ್ಟೇ. ಶನಿವಾರ, ಭಾನುವಾರದ ಮ್ಯಾಚುಗಳು ಸಂಜೆಗೋ ರಾತ್ರಿ ಒಂಬತ್ತು-ಹತ್ತಕ್ಕೋ ಶುರುವಾಗ್ತವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅವರಿಗೆ ತೋರಿಸಿ. ಆ ಹೊತ್ತು ನಿಮ್ಮದು, ಉಳಿದದ್ದು ಮನೆಯದು. ಈ ಒಪ್ಪಂದಕ್ಕೆ ಅವರು ಬೇಡ ಅನ್ನಲಿಕ್ಕಿಲ್ಲ.

ಇನ್ನು ಮಗ. ಅವನು ಹುಟ್ಟಿದ ಮೇಲೆ ಯುನೈಟೆಡ್ ಒಮ್ಮೆಯೂ ಲೀಗ್ ಗೆದ್ದಿಲ್ಲ. ಅವನ ಕಣ್ಣಿಗೆ ಅದು ಅಪ್ಪಾಜಿಯ ಮುಖ ಗಂಟು ಹಾಕಿಸುವ ತಂಡ. ಅತ್ತ ಲಿವರ್‌ಪೂಲ್ ಹಾಲಿ ಚಾಂಪಿಯನ್, ಈ ಸಲ ನಾಲ್ಕಕ್ಕೆ ನಾಲ್ಕೂ ಗೆದ್ದಿದೆ. ಲೀಗ್ ಪ್ರಶಸ್ತಿಯಲ್ಲಿ ನಿಮ್ಮ 20ಕ್ಕೆ ಸರಿಸಮ ಆಗಿದ್ದು ಹೋದ ಸೀಸನ್ನಿನಲ್ಲೇ, ಅದಕ್ಕೇ ನಿಮಗೆ ಇಷ್ಟು ಉರಿ. ಆದರೆ ಯೋಚಿಸಿ: ದಾವಣಗೆರೆಯಲ್ಲಿ ಅವನ ಓರಗೆಯ ಹುಡುಗರೆಲ್ಲ ಕೊಹ್ಲಿ ಹೆಸರಿನ ಆರ್‌ಸಿಬಿ ಜೆರ್ಸಿ ಕೇಳೋ ವರ್ಷದಲ್ಲಿ ನಿಮ್ಮ ಮಗ ಫುಟ್‌ಬಾಲ್ ಜೆರ್ಸಿ ಕೇಳ್ತಿದ್ದಾನೆ. ಆ ಹುಚ್ಚು ಹಿಡಿಸಿದ್ದು ಯಾರು?

ಮೊದಲು ಅವನನ್ನು ಕೂರಿಸಿಕೊಂಡು ‘ಅವತ್ತು ಬೈದದ್ದು ನಂದೇ ತಪ್ಪು ಕಣೋ’ ಅನ್ನಿ. ಕಾರಣ ವಿವರಿಸಲು ಹೋಗಬೇಡಿ, ಎಂಬ್ಯುಮೋ ಹೆಸರಂತೂ ಎತ್ತಲೇಬೇಡಿ. ಆಮೇಲೆ ಜೆರ್ಸಿ ತರಿಸಿ. ಅಕ್ಟೋಬರ್ 19, ಭಾನುವಾರ ರಾತ್ರಿ ಒಂಬತ್ತಕ್ಕೆ ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನದಲ್ಲಿ ನಿಮ್ಮಿಬ್ಬರ ತಂಡಗಳದೇ ಮ್ಯಾಚ್ ಇದೆ. ಮಾರನೇ ದಿನ ನರಕ ಚತುರ್ದಶಿ, ಶಾಲೆಗೆ ರಜೆ, ಅವನೂ ಪೂರ್ತಿ ನೋಡಬಹುದು. ಅಷ್ಟರೊಳಗೆ ಜೆರ್ಸಿ ಕೈಗೆ ಬರುವ ಹಾಗೆ ಆರ್ಡರ್ ಮಾಡಿ. ಒಂದು ಸೈಜ್ ದೊಡ್ಡದೇ ಇರಲಿ, ಈ ವಯಸ್ಸಿನ ಹುಡುಗರು ಬೇಗ ಬೆಳೀತಾರೆ.